ಎಲ್ಲಾ ನಂಬೋಕೆ ಆಗ್ತಿಲ್ಲ, ಆದ್ರೂ ಸಭೆ ಬೇಕಾ?

ಪ್ರಶ್ನೆ: ಅಯ್ಯನವರೇ, ನಾನು ಹಾಸನದಲ್ಲೇ ಹುಟ್ಟಿ ಬೆಳೆದವಳು, ಸಂಡೇ ಸ್ಕೂಲು, ಕಾಯರ್, ದೊಡ್ಡವಳಾಗಿ ನಂಬಿಕೇನ ನಾನೇ ಒಪ್ಕೊಳ್ಳೋ ದೃಢೀಕರಣ ಎಲ್ಲಾ ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಲ್ಲೇ ಆಗಿದ್ದು. ಈಗ ಬೆಂಗಳೂರಲ್ಲಿ ಕೆಲಸ, ನಾಲ್ಕು ವರ್ಷದ ಮಗ ಇದಾನೆ. ಎರಡು ಮೂರು ವರ್ಷದಿಂದ ಪ್ರೋಗ್ರೆಸಿವ್ ಕ್ರಿಶ್ಚಿಯಾನಿಟಿ ಬಗ್ಗೆ ಓದ್ತಾ ಕೇಳ್ತಾ ಇದೀನಿ. ಯೇಸು ಬದುಕಿದ ರೀತಿ ನಂಗೆ ಮೊದಲಿಗಿಂತ ಹತ್ರ ಆಗಿದೆ, ಆದ್ರೆ ಆರಾಧನೇಲಿ ಎಲ್ಲರೂ ಒಟ್ಟಿಗೆ ನಾವು ನಂಬೋದು ಇದು ಅಂತ ಹೇಳೋ ವಿಶ್ವಾಸ ಪ್ರಮಾಣ ಹೇಳುವಾಗ ಕನ್ಯೆ ಮರಿಯಳು, ಶರೀರದ ಪುನರುತ್ಥಾನ ಅನ್ನೋ ಸಾಲು ಬಂದ್ರೆ ಬಾಯಿ ಕಟ್ಟತ್ತೆ. ಊರಿಗೆ ಬಂದಾಗ ಅಮ್ಮನ ಜೊತೆ ಚರ್ಚಿಗೆ ಹೋಗೋದು ನಾಟಕ ಅನ್ಸತ್ತೆ. ನನ್ನ ಆತ್ಮೀಯ ಗೆಳೆಯ ಒಬ್ಬ ಗೇ, ಅವನು ಕೂತಿದ್ದಾಗ್ಲೇ ಪ್ರಸಂಗದಲ್ಲಿ ಅಂಥವರ ಬಗ್ಗೆ ತುಂಬಾ ಕೆಟ್ಟದಾಗಿ ಮಾತಾಡಿದ್ರು. ಯೇಸುನ ಹಿಂಬಾಲಿಸೋಕೆ ಸಭೆ ಬೇಕೇ ಬೇಕಾ? ಮಗನ್ನ ಸಂಡೇ ಸ್ಕೂಲಿಗೆ ಕಳಿಸ್ಲಾ?

ಉತ್ತರ:

ಅಮ್ಮಾ, ನಿಮ್ಮ ಪತ್ರ ಓದಿ ಎರಡು ದಿನ ಹಾಗೇ ಇಟ್ಕೊಂಡಿದ್ದೆ, ಅವಸರದಲ್ಲಿ ಬರೆಯೋ ಉತ್ತರ ಇದಲ್ಲ ಅನ್ನಿಸ್ತು. ಮೊದಲು ನನ್ನ ಮಾತು ಹೇಳ್ಬಿಡ್ತೀನಿ: ಸಭೆ ಬೇಕು. ನಿಮ್ಮ ತಾಯಿಗಿಂತ ನಿಮಗೇ ಜಾಸ್ತಿ ಬೇಕು. ನಿಮ್ಮ ತಾಯಿಯವರಿಗೆ ಹಿಡ್ಕೊಳ್ಳೋಕೆ ಗಟ್ಟಿ ಸಿದ್ಧಾಂತಗಳಿವೆ, ರಾತ್ರಿ ನಿದ್ದೆ ಬರದಿದ್ರೂ ಅವು ಅವರನ್ನ ಕಾಯ್ತವೆ. ನೀವು ಅದರಲ್ಲಿ ಸುಮಾರು ಬಿಟ್ಟು ಬಂದಿದೀರಿ, ಉಳಿದಿರೋದು ಯೇಸು ನಡೆದ ದಾರಿ, ಆ ದಾರೀನ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕಲಿಯೋಕೆ ಆಗಲ್ಲ, ನಡೀತಿರೋ ನಾಲ್ಕು ಜನದ ಜೊತೆ ನಡೆದೇ ಕಲೀಬೇಕು.

ಓದೋ ಬೇರೆಯವರಿಗೋಸ್ಕರ ಎರಡು ಮಾತು. ಪ್ರೋಗ್ರೆಸಿವ್ ಕ್ರಿಶ್ಚಿಯಾನಿಟಿ ಅಂದ್ರೆ ಹೊಸ ಪಂಗಡ ಅಲ್ಲ. ಅಮೆರಿಕದಲ್ಲಿ ಜೇಮ್ಸ್ ಆಡಮ್ಸ್ ಅನ್ನೋ ಎಪಿಸ್ಕೋಪಲ್ ಪಾದ್ರಿ 1994ರಲ್ಲಿ ಈ ಹೆಸರಲ್ಲಿ ಒಂದು ಕೇಂದ್ರ ಶುರು ಮಾಡಿದ್ರು, ಮಾರ್ಕಸ್ ಬೋರ್ಗ್, ಬಿಷಪ್ ಜಾನ್ ಶೆಲ್ಬಿ ಸ್ಪಾಂಗ್ ಥರದವರು ಬರೆದು ಮಾತಾಡಿ ಇದನ್ನ ಹರಡಿದ್ರು. ಬೈಬಲ್ಲನ್ನ ಅಕ್ಷರಕ್ಕೆ ಅಕ್ಷರ ತಗೊಳ್ದೆ ಆ ಕಾಲದ ಜನರ ಸಾಕ್ಷಿ ಅಂತ ಗೌರವದಿಂದ ಓದೋದು, ಪ್ರಶ್ನೆ ಕೇಳೋದನ್ನ ಪಾಪ ಅನ್ನದೇ ಇರೋದು, ಬೇರೆ ಧರ್ಮದವರಿಗೂ ದೇವರ ದಾರಿ ಇದೆ ಅಂತ ಒಪ್ಪೋದು, ಯಾರನ್ನೂ ಹೊರಗೆ ನಿಲ್ಲಿಸದೇ ಇರೋದು, ನ್ಯಾಯಕ್ಕೆ ದುಡಿಯೋದು, ಇಷ್ಟು. ಇದರ ಬೇರು ಮಾತ್ರ ತುಂಬಾ ಹಳೇದು. ಶ್ಲಯರ್‌ಮಾಖರ್ ಅಂತ ಜರ್ಮನ್ ದೈವಶಾಸ್ತ್ರಿ, ಬರ್ಲಿನ್ನಿನ ಒಂದು ಆಸ್ಪತ್ರೇಲಿ ಚಾಪ್ಲಿನ್, ಅಂದ್ರೆ ಅಲ್ಲಿಯವರನ್ನ ನೋಡ್ಕೊಳ್ಳೋ ಪಾದ್ರಿ, ಆಗಿದ್ದವರು, ಧರ್ಮ ಅಂದ್ರೆ ಮೂಗು ಮುರಿಯೋ ಓದಿದ ಗೆಳೆಯರಿಗೋಸ್ಕರ 1799ರಲ್ಲಿ ಒಂದು ಪುಸ್ತಕ ಬರೆದ್ರು, ಲಿಬರಲ್ ಚಿಂತನೆಗೆ ಅವರೇ ಮೂಲಪುರುಷ ಅಂತಾರೆ. ಸಿದ್ಧಾಂತಕ್ಕಿಂತ ಒಳಗಿನ ಅನುಭವ ದೊಡ್ಡದು ಅಂದ ಅದೇ ಮನುಷ್ಯ, ಧರ್ಮ ಅನ್ನೋದು ಇದ್ದಮೇಲೆ ಅದು ಜನರ ಮಧ್ಯೇನೇ ಇರ್ಬೇಕು, ಒಬ್ಬನ ಒಳಗೆ ಮುಚ್ಚಿಡೋಕಾಗಲ್ಲ ಅಂತಾನೂ ಅಲ್ಲೇ ಹೇಳಿದಾರೆ. ಈಗ ಪ್ರೋಗ್ರೆಸಿವ್ ಅನ್ಕೊಳ್ಳೋರಲ್ಲಿ ತುಂಬಾ ಜನ ಈ ಅರ್ಧ ಮಾತನ್ನ ಮರೆತಿದಾರೆ, ಅದು ನಂಗೆ ನೋವಿನ ವಿಷಯ. ಚರ್ಚಲ್ಲಿ ಪೆಟ್ಟು ತಿಂದು ಹೊರಗೆ ಬರ್ತಾರೆ, ಓದ್ತಾರೆ, ಕೇಳ್ತಾರೆ, ಐದಾರು ವರ್ಷ ಆದ್ಮೇಲೆ ನೋಡಿದ್ರೆ ನಂಬಿಕೆ ಬರೀ ಅಭಿಪ್ರಾಯ ಆಗಿ ಉಳಿದಿರತ್ತೆ. ಲಂಡನ್ನಲ್ಲಿ 2013ರಲ್ಲಿ ದೇವರನ್ನೇ ನಂಬದೇ ಇರೋರು ಸೇರಿ ಸಂಡೇ ಅಸೆಂಬ್ಲಿ ಅಂತ ಶುರು ಮಾಡಿದ್ರು, ಭಾನುವಾರ ಕೂಡೋದು, ಒಟ್ಟಿಗೆ ಹಾಡೋದು, ಟೀ ಕುಡಿಯೋದು. ದೇವರನ್ನ ಬಿಟ್ಟವರಿಗೂ ಕೂಡೋದನ್ನ ಬಿಡೋಕಾಗ್ಲಿಲ್ಲ ನೋಡಿ.

ನಮ್ಮ ಕನ್ನಡದ ಮಾತನ್ನೇ ತಗೊಳ್ಳಿ. ಗ್ರೀಕಲ್ಲಿ ಎಕ್ಲೇಸಿಯ ಅಂದ್ರೆ ಕರೆದಾಗ ಬಂದು ಕೂಡೋ ಜನ, ಕಟ್ಟಡ ಅಲ್ಲ. ಕನ್ನಡ ಬೈಬಲ್ ಮಾಡಿದವರು ಅದಕ್ಕೆ ಸಭೆ ಅಂತ ಹಾಕಿದ್ರು, ಎಷ್ಟು ಸರಿಯಾದ ಪದ. ಹಾಗೇ ನಂಬಿಕೆ ಅನ್ನೋದೂ. "ನಿಮ್ಮನ್ನ ನಂಬ್ಕೊಂಡು ಬಂದಿದೀನಿ" ಅಂತ ಯಾರಾದ್ರೂ ಮನೆ ಬಾಗಿಲಿಗೆ ಬಂದ್ರೆ ನಿಮ್ಮ ಬಗ್ಗೆ ನಾಲ್ಕು ಸಂಗತಿ ನಿಜ ಅಂತ ಒಪ್ಪಿದೀನಿ ಅನ್ನೋ ಅರ್ಥ ಅಲ್ಲ ಅದು, ಕೈ ಬಿಡಬೇಡಿ ಅಂತ ಅರ್ಥ. ಕನ್ನಡದವರಿಗೆ ನಂಬೋದು ಅಂದ್ರೆ ಮೊದಲಿಂದಲೂ ಒಬ್ಬರ ಮೇಲೆ ಭಾರ ಹಾಕೋದು. ಈ ಅರ್ಥದಲ್ಲಿ ಕೇಳಿದ್ರೆ ನೀವು ನಂಬಿಕೆ ಕಳ್ಕೊಂಡಿದೀರಿ ಅಂತ ನಾನು ಹೇಳಲ್ಲ.

ಹಾಗಂತ ಕಟ್ಟಡ ಏನೂ ಅಲ್ಲ ಅಂತಾನೂ ಹೇಳಲಾರೆ. ಶೆಟ್ಟಿಹಳ್ಳಿಗೆ ನೀವು ಹೋಗಿರ್ತೀರಿ, ಫ್ರೆಂಚ್ ಪಾದ್ರಿಗಳು 1860ರ ಹೊತ್ತಿಗೆ ಕಟ್ಟಿಸಿದ ರೋಜರಿ ಚರ್ಚು, ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಮೇಲೆ ಮಳೆಗಾಲ ಬಂತಂದ್ರೆ ಅರ್ಧ ನೀರಲ್ಲಿ ನಿಂತಿರತ್ತೆ. ಜನ ಫೋಟೋ ತೆಗೆಯೋಕೆ ಬರ್ತಾರೆ. ಅಲ್ಲಿದ್ದ ಕುಟುಂಬಗಳು ಬೇರೆ ಊರಲ್ಲಿ ನೆಲೆ ಕಂಡ್ವು, ಅಲ್ಲೂ ಸಭೆ ಕೂಡಿತು, ಪೂಜೆ ನಿಲ್ಲಲಿಲ್ಲ. ಆದ್ರೆ ಅಜ್ಜ ಅಜ್ಜಿ ಮದುವೆ ಆದ ಜಾಗ ನೀರಿಗೆ ಹೋದಾಗ ಆಗೋ ಸಂಕಟ ಚಿಕ್ಕದಲ್ಲ, ಗೋಡೆ ಮುಖ್ಯ ಅಲ್ಲ ಅಂತ ಸುಲಭವಾಗಿ ಹೇಳೋ ನಮ್ಮ ಓದಿದವರು ಅದನ್ನ ಸ್ವಲ್ಪ ಯೋಚನೆ ಮಾಡ್ಬೇಕು.

ಈಗ ನಿಮಗೆ ಒಬ್ಬ ಹೆಣ್ಣುಮಗಳ ಕಥೆ ಹೇಳ್ಬೇಕು, ನಮ್ಮ ಕಡೆಯವರೇ. ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ಅಂತಾನೇ ಎಲ್ಲರೂ ತಿಳ್ಕೊಂಡಿರ್ತಾರೆ, ಹುಟ್ಟಿದ್ದು 1858ರಲ್ಲಿ ಗಂಗಾಮೂಲದ ಕಾಡಲ್ಲಿ, ಈಗಿನ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಕಡೆ, ತುಂಗೆ ಭದ್ರೆ ಹುಟ್ಟೋ ಜಾಗ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಕಟ್ಕೊಂಡ ತಂದೆ ಅನಂತ ಶಾಸ್ತ್ರಿಗಳು ಆ ಕಾಡಲ್ಲಿ ಮನೆ ಮಾಡಿದ್ರು. ಆರು ತಿಂಗಳ ಕೂಸನ್ನ ಬೆತ್ತದ ಪೆಟ್ಟಿಗೇಲಿ ಹೊರಿಸ್ಕೊಂಡು ಸಂಸಾರ ಘಟ್ಟ ಇಳಿದು ತೀರ್ಥಯಾತ್ರೆಗೆ ಹೊರಟಿತು, ಆಮೇಲೆ ಬರಗಾಲದಲ್ಲಿ ಅಪ್ಪ ಅಮ್ಮ ತೀರ್ಕೊಂಡ್ರು, ಅಣ್ಣ ಹೋದ, ಗಂಡನೂ ಹೋದ, ಮಡಿಲಲ್ಲಿ ಪುಟ್ಟ ಮಗಳು. 1883ರಲ್ಲಿ ಇಂಗ್ಲೆಂಡಿಗೆ ಹೋದ್ರು. ಅಲ್ಲಿ ಅವರ ಮನಸ್ಸು ತಿರುಗಿದ್ದು ಯಾವ ಸಿದ್ಧಾಂತ ಕೇಳಿ ಅಲ್ಲ. ಲಂಡನ್ನಿನ ಫುಲ್‌ಹಮ್ಮಲ್ಲಿ ಆಂಗ್ಲಿಕನ್ ಸಿಸ್ಟರ್‌ಗಳು, ಸಮಾಜ ಕೆಟ್ಟವರು ಅಂತ ಬಿಸಾಕಿದ್ದ ಹೆಂಗಸರಿಗೆ ಮನೆ ಮಾಡಿ ನೋಡ್ಕೊಳ್ತಿದ್ರು, ಅದನ್ನ ಕಂಡು ಇವರು ದಂಗಾದ್ರು, ಯಾಕೆ ಹೀಗೆ ಮಾಡ್ತೀರಿ ಅಂತ ಕೇಳಿದ್ರು, ಆಗ ಒಬ್ಬ ಸಿಸ್ಟರ್ ಯೇಸು ಬಾವಿ ಹತ್ರ, ಯೆಹೂದ್ಯರು ದೂರ ಇಡ್ತಿದ್ದ ಸಮಾರ್ಯದ ಒಬ್ಬ ಹೆಂಗಸಿನ ಜೊತೆ ಮಾತಾಡಿದ ಕಥೆ ಓದಿ ಹೇಳಿದ್ರು. ಕೆಲಸ ಮೊದಲು ಕಂಡ್ರು, ಕಥೆ ಆಮೇಲೆ ಕೇಳಿದ್ರು. ಅದೇ ವರ್ಷ ದೀಕ್ಷಾಸ್ನಾನ ಆಯ್ತು.

ಆಮೇಲೆ ನೋಡಿ ಜಗಳ! ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೋ ತ್ರಿತ್ವದ ಉಪದೇಶ ಒಪ್ಪೋಕೆ ಆಗಲ್ಲ ಅಂದ್ರು, ತಮ್ಮ ಜವಾಬ್ದಾರಿ ಹೊತ್ತಿದ್ದ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಉದ್ದುದ್ದ ಕಾಗದ ಬರೆದು, ನಮ್ಮ ದೇಶದ ಪುರೋಹಿತರ ನೊಗದಿಂದ ಈಗ ತಾನೇ ಕಷ್ಟಪಟ್ಟು ಬಿಡಿಸ್ಕೊಂಡಿದೀನಿ, ಅಂಥದ್ದೇ ಇನ್ನೊಂದು ನೊಗಕ್ಕೆ ಕತ್ತು ಕೊಡಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ರು. ನಿಮ್ಮ ಪತ್ರದಲ್ಲಿರೋ ಸಂಕಟ, ಅಮ್ಮಾ, ನೂರ ನಲವತ್ತು ವರ್ಷದ ಹಿಂದೇನೇ ಗಂಗಾಮೂಲದ ಮಗಳು ಅನುಭವಿಸಿ ಆಗಿದೆ. ಆದ್ರೆ ಆಕೆ ಒಬ್ಬಳೇ ಕೂತು ಯೇಸುನ ಧ್ಯಾನ ಮಾಡ್ತೀನಿ ಅನ್ನಲಿಲ್ಲ. 1889ರಲ್ಲಿ ಮುಂಬೈಲಿ ಶಾರದಾ ಸದನ ತೆರೆದ್ರು, ಆಮೇಲೆ ಬರಗಾಲದಲ್ಲಿ ನೂರಾರು ಹುಡುಗೀರನ್ನ, ವಿಧವೆಯರನ್ನ ಕರ್ಕೊಂಡು ಬಂದು ಪುಣೆ ಹತ್ರ ಕೇಡಗಾಂವಲ್ಲಿ ಮುಕ್ತಿ ಅಂತ ಒಂದು ಊರನ್ನೇ ಕಟ್ಟಿದ್ರು, ಹೊಲ, ಮಗ್ಗ, ಪ್ರೆಸ್ಸು, ಶಾಲೆ, ಚರ್ಚು. ವಯಸ್ಸಾದಮೇಲೆ ಅವರ ಭಕ್ತಿ ಬೇರೆ ರೀತಿ ತಿರುಗಿತು, 1905ರಲ್ಲಿ ಅಲ್ಲಿ ದೊಡ್ಡ ಉಜ್ಜೀವನ, ಅಂದ್ರೆ ಭಕ್ತಿಯ ಆವೇಶ ಎಲ್ಲರಲ್ಲೂ ಉಕ್ಕೋದು, ನಡೀತು, ಇವತ್ತಿನ ಅರ್ಥದಲ್ಲಿ ಅವರನ್ನ ಪ್ರೋಗ್ರೆಸಿವ್ ಅಂತ ಕರೆದ್ರೆ ತಪ್ಪಾಗತ್ತೆ. ನಂಗೆ ಬೇಕಿರೋದು ಇಷ್ಟೇ, ನಂಬಿಕೆ ಹೇಗೆ ಬದಲಾದ್ರೂ ಆಕೆ ಜನರ ಮಧ್ಯದಿಂದ ಎದ್ದು ಹೋಗ್ಲಿಲ್ಲ.

ಇನ್ನೊಂದು ನನ್ನದೇ ಸಂಗತಿ. ನನ್ನ ಹೆಂಡತಿ ತೀರ್ಕೊಂಡಾಗ, ಮೂವತ್ತು ವರ್ಷ ಪ್ರಸಂಗ ಮಾಡಿದ, ಕಾಲೇಜಲ್ಲಿ ದೈವಶಾಸ್ತ್ರ ಪಾಠ ಹೇಳಿದ ನಂಗೆ ಒಂದು ವರ್ಷ ಪ್ರಾರ್ಥನೆ ಮಾಡೋಕಾಗ್ಲಿಲ್ಲ. ಸುಳ್ಳಲ್ಲ, ಬಾಯಿ ತೆರೆದ್ರೆ ಮಾತೇ ಇಲ್ಲ. ಜುಲೈ ತಿಂಗಳು, ಮಳೆ ಬಿಟ್ಟೇ ಇರ್ಲಿಲ್ಲ, ಗುಂಡಿ ತೋಡಿದಷ್ಟೂ ನೀರು ತುಂಬ್ತಿತ್ತು, ನಮ್ಮ ಸಭೆಯ ಹುಡುಗರು ಬಕೆಟ್ಟಲ್ಲಿ ನೀರು ಎತ್ತಿ ಎತ್ತಿ ಹಾಕಿದ್ರು, ಸ್ತ್ರೀ ಸಮಾಜದ ಹೆಂಗಸರು ಒಂಬತ್ತು ದಿನ ನಮ್ಮ ಮನೇಲಿ ಒಲೆ ಹಚ್ಚೋಕೆ ಬಿಡಲಿಲ್ಲ. ಆಮೇಲೆ ಭಾನುವಾರ ಭಾನುವಾರ ನಾನು ಹಿಂದಿನ ಬೆಂಚಲ್ಲಿ ಕೂತಿರ್ತಿದ್ದೆ, ಸುತ್ತ ಅವರು ಹಾಡ್ತಿದ್ರು, ನನ್ನ ಪಾಲಿನ ಹಾಡನ್ನೂ ಅವರೇ ಹಾಡ್ತಿದಾರೆ ಅನ್ಸೋದು. ನಾನು ಏನು ನಂಬ್ತಿದೀನಿ ಅಂತ ಒಬ್ಬರೂ ಕೇಳ್ಲಿಲ್ಲ. ಒಂದು ದಿನ ಕೀರ್ತನೆ ಮಧ್ಯೆ ನನ್ನ ದನಿ ಹೊರಟಿದ್ದು ನಂಗೇ ತಡವಾಗಿ ಗೊತ್ತಾಯ್ತು. ಸಭೆ ಯಾಕೆ ಬೇಕು ಅಂತ ಕ್ಲಾಸಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೆ, ಗೊತ್ತಾಗಿದ್ದು ಆ ವರ್ಷ.

ನೀವು ಹೇಳ್ಬಹುದು, ಇದೆಲ್ಲಾ ಸರಿ ಅಯ್ಯನವರೇ, ಆದ್ರೆ ಭಾರತದಲ್ಲಿ ಸಭೆ ಅಂದ್ರೆ ಒಂದು ಜಾತಿ ಥರ ಆಗಿದೆಯಲ್ಲ ಅಂತ. ಆಗಿದೆ. ಎಂ.ಎಂ. ಥಾಮಸ್, ಕೇರಳದ ಮಾರ್ಥೋಮಾ ಸಭೆಯವರು, ಬೆಂಗಳೂರಲ್ಲೇ ಇದ್ದು ಕೆಲಸ ಮಾಡಿದವರು, 1968ರಿಂದ 1975ರವರೆಗೆ ವಿಶ್ವ ಚರ್ಚುಗಳ ಮಂಡಳಿಯ ಕೇಂದ್ರ ಸಮಿತಿ ನಡೆಸಿದವರು, ಇದೇ ಪ್ರಶ್ನೆ ಎತ್ತಿದ್ರು. ನಮ್ಮಲ್ಲಿ ದೀಕ್ಷಾಸ್ನಾನ ಅಂದ್ರೆ ಒಂದು ಸಮುದಾಯ ಬಿಟ್ಟು ಇನ್ನೊಂದಕ್ಕೆ ಸೇರೋದು ಅನ್ನೋ ಹಾಗಾಗಿದೆ, ಹಾಗಾಗಿ ಚರ್ಚಿನ ಗೋಡೆ ಹೊರಗೂ ಕ್ರಿಸ್ತನ ಸುತ್ತ ಕೂಡೋ ಬಳಗಗಳು ಇರ್ಬಹುದು ಅಂದ್ರು. ಸಿ.ಎಸ್.ಐ. ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಅದಕ್ಕೆ ಒಪ್ಪಲಿಲ್ಲ, ಕಣ್ಣಿಗೆ ಕಾಣೋ ಒಂದು ಸಮುದಾಯ ಇಲ್ಲದೆ ಆಗಲ್ಲ ಅಂದ್ರು. ಇಬ್ಬರ ವಾದ ಎಷ್ಟೋ ಕಾಲ ನಡೀತು. ನಾನು ಓದೋ ಕಾಲದಲ್ಲಿ ಪೂರ್ತಿ ಥಾಮಸ್ ಕಡೆ ಇದ್ದೆ, ಈಗ್ಲೂ ಮುಕ್ಕಾಲು ಪಾಲು ಅವರ ಕಡೇನೇ. ಆದ್ರೆ ಗಮನಿಸಿ, ಗೋಡೆ ಬೇಡ ಅಂದವರು ಅವರು, ಬಳಗ ಬೇಡ ಅಂತ ಅವರೂ ಹೇಳಲಿಲ್ಲ.

ನಿಜವಾದ ಗೋಡೆ ಬೇರೆ ಕಡೆ ಇದೆ. ಫೋನಲ್ಲಿ ನೀವು ಕೇಳೋ ಪ್ರೋಗ್ರೆಸಿವ್ ಮಾತು ಹೆಚ್ಚಾಗಿ ಅಮೆರಿಕದ್ದು, ಅಲ್ಲಿಯವರಿಗೆ ಕನ್ಯೆ ಮರಿಯಳ ಪ್ರಶ್ನೆ ದೊಡ್ಡದು, ಇರ್ಲಿ. ನಮ್ಮ ಪ್ರಶ್ನೆ ಯಾರು ಯಾರ ಪಾತ್ರೇಲಿ ಕುಡೀತಾರೆ ಅನ್ನೋದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಲ್ಲಿ ಅರವಿಂದ ನಿರ್ಮಲ್ ಅವರು ಮಾಡಿದ ಒಂದು ಉಪನ್ಯಾಸದಿಂದ ದಲಿತ ದೈವಶಾಸ್ತ್ರ ಅನ್ನೋದು ಶುರು ಆಯ್ತು, ಭಾರತದ ಕ್ರೈಸ್ತರಲ್ಲಿ ಬಹುಪಾಲು ದಲಿತರು, ಅವರ ನೋವನ್ನ ಬಿಟ್ಟು ದೇವರ ಬಗ್ಗೆ ಏನು ಮಾತು ಅಂತ. 1950ರ ರಾಷ್ಟ್ರಪತಿ ಆದೇಶದಿಂದ ದಲಿತ ಕ್ರೈಸ್ತರಿಗೆ ಎಸ್.ಸಿ. ಮೀಸಲಾತಿ ಇಲ್ಲ, ಮತ ಬದಲಾಯಿಸಿದ್ರೆ ಜಾತಿ ಹೋಯ್ತು ಅನ್ನೋ ಲೆಕ್ಕ, ಚರ್ಚೊಳಗೆ ಮಾತ್ರ ಜಾತಿ ಹಾಗೇ ಕೂತಿರತ್ತೆ. ನಾನು ಸೇವೆ ಶುರು ಮಾಡಿದ ಕಾಲದಲ್ಲಿ ಮಲೆನಾಡಿನ ಒಂದು ಸಭೇಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚ್ಕೊಳ್ಳೋ ಕರ್ತನ ಭೋಜನಕ್ಕೆ ಎಸ್ಟೇಟಿನ ಲೈನ್ ಮನೆಗಳ ಕೂಲಿ ಕೆಲಸದವರು ಯಾವಾಗ್ಲೂ ಕೊನೇಲಿ ಬರ್ತಿದ್ರು. ಯಾರೂ ಹೇಳಿರ್ಲಿಲ್ಲ, ಹಾಗೇ ನಡ್ಕೊಂಡು ಬಂದಿತ್ತು. ಒಂದು ಭಾನುವಾರ ನಾನು ಅವರನ್ನ ಮೊದಲು ಕರೆದೆ, ಅಷ್ಟೇ, ಎರಡು ಕುಟುಂಬ ತಿಂಗಳುಗಟ್ಟಲೆ ಬರಲಿಲ್ಲ, ಒಂದು ತಿರುಗಿ ಬಂತು, ಇನ್ನೊಂದು ಬರಲೇ ಇಲ್ಲ. ಆ ಲೈನಲ್ಲಿ ಒಬ್ಬ ಅಜ್ಜಿ ಇದ್ರು, ಬೈಬಲ್ಲಿನ ಪ್ರವಾದಿ ಯೋನನನ್ನ ಮೀನು ನುಂಗಿದ್ದು ಅಕ್ಷರಶಃ ನಿಜ ಅಂತ ನಂಬಿದವರು, ಬಿಟ್ಟು ಹೋದ ಮನೆಯ ಯಜಮಾನ್ತಿಗೆ ಹುಷಾರಿಲ್ಲದಾಗ ಕಾಫಿ ಕುಯ್ಲಿನ ಸಮಯದಲ್ಲೂ ಹಗಲೆಲ್ಲಾ ಕೆಲಸ ಮಾಡಿ ರಾತ್ರಿ ಹೋಗಿ ಕೂರ್ತಿದ್ರು. ಯೋನನ ವಿಷಯದಲ್ಲಿ ನಂಗೂ ಅವರಿಗೂ ಅಭಿಪ್ರಾಯ ಬೇರೆ. ಯೇಸುನ ಹಿಂಬಾಲಿಸೋದ್ರಲ್ಲಿ ಅವರು ನನಗಿಂತ ತುಂಬಾ ಮುಂದೆ ಇದ್ರು. ಅದಕ್ಕೇ ಹೇಳೋದು, ನಿಮ್ಮ ಥರಾನೇ ಯೋಚನೆ ಮಾಡೋರು ಮಾತ್ರ ಇರೋ ಗುಂಪು ಹುಡುಕಬೇಡಿ, ಇಂಥ ಅಜ್ಜಿಯರು ಅಲ್ಲಿ ಸಿಗಲ್ಲ. ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರ ನೋಡಿ, ಕರ್ತನ ಭೋಜನದ ವಿಷಯದಲ್ಲಿ ಅವರನ್ನ ಬೈದಿರೋದು ಉಳ್ಳವರು ಮೊದಲೇ ಉಂಡು ಇಲ್ಲದವರನ್ನ ಹಸಿದು ಕೂರಿಸಿದ್ದಕ್ಕೆ.

ವಿಶ್ವಾಸ ಪ್ರಮಾಣದ ವಿಷಯ. ನೈಸಿಯ ಅನ್ನೋ ಊರಲ್ಲಿ 325ರಲ್ಲಿ ಬಿಷಪ್‌ಗಳು ಸೇರಿ ಬರೆದಿದ್ದು ಗ್ರೀಕಲ್ಲಿ "ನಂಬುತ್ತೇವೆ" ಅಂತಾನೇ ಶುರು ಆಗೋದು, ಬಹುವಚನ. ಸಾವಿರದ ಏಳ್ನೂರು ವರ್ಷದಿಂದ ಒಂದು ದೊಡ್ಡ ಜನ ಹೇಳ್ಕೊಂಡು ಬಂದಿರೋ ಮಾತದು, ಅದರ ಪ್ರತಿ ಸಾಲಿಗೂ ನೀವೊಬ್ಬರೇ ಸಹಿ ಹಾಕ್ಬೇಕಾಗಿಲ್ಲ. ಬಾಯಿ ಕಟ್ಟೋ ಸಾಲಲ್ಲಿ ಸುಮ್ಮನೆ ನಿಂತ್ಕೊಳ್ಳಿ, ಪಕ್ಕದಲ್ಲಿ ನಿಮ್ಮ ತಾಯಿ ಹೇಳ್ತಿರ್ತಾರೆ, ಮುಂದಿನ ಸಾಲಿಗೆ ಸೇರ್ಕೊಳ್ಳಿ. ಅದು ನಾಟಕ ಅಲ್ಲ, ಆಗದೇ ಇದ್ದದ್ದನ್ನ ಜೋರಾಗಿ ಹೇಳೋದು ನಾಟಕ. ಯೋಹಾನನ ಸುವಾರ್ತೇಲಿ, ಯೇಸು ಸತ್ತು ಎದ್ದು ಬಂದ್ರು ಅಂತ ಉಳಿದ ಶಿಷ್ಯರು ಹೇಳಿದಾಗ ತೋಮ ಅನ್ನೋ ಶಿಷ್ಯ, ನಾನು ಗಾಯ ಮುಟ್ಟಿ ನೋಡ್ದೆ ನಂಬಲ್ಲ ಅಂತಾನೆ. ಅದು ಎಲ್ಲರಿಗೂ ಗೊತ್ತು. ಆದ್ರೆ ಅದರ ಮುಂದಿನ ವಾಕ್ಯ ಓದಿ, ಎಂಟು ದಿನ ಆದಮೇಲೆ ಶಿಷ್ಯರು ಮನೆಯೊಳಗೆ ಇದ್ರು, ತೋಮನೂ ಅವರ ಜೊತೆ ಇದ್ದ. ನಂಬದೇನೇ ಎಂಟು ದಿನ ಕಳೆದ, ಅವರು ಎದ್ದು ಹೋಗು ಅನ್ನಲಿಲ್ಲ, ಇವನೂ ಹೋಗಲಿಲ್ಲ. ಇದನ್ನ ನಾನು ತಡವಾಗಿ ಕಲಿತೆ. ತುಂಬಾ ಹಿಂದೆ ದೃಢೀಕರಣದ ಕ್ಲಾಸಲ್ಲಿ ಒಬ್ಬ ಹುಡುಗ, ಅಯ್ಯನವರೇ ಪುನರುತ್ಥಾನ ನಂಗೆ ಗೊತ್ತಿಲ್ಲ, ಆದ್ರೆ ಯೇಸು ಇಷ್ಟ ಅಂದ. ಗೊತ್ತಾದಮೇಲೆ ಬಾ ಅಂತ ಕಳಿಸಿಬಿಟ್ಟೆ. ಅವನು ತಿರುಗಿ ಬರಲಿಲ್ಲ. ತಪ್ಪು ನನ್ನದು, ಇವತ್ತಿಗೂ ಆ ಮುಖ ನೆನಪಿದೆ.

ನಿಮ್ಮ ಗೆಳೆಯನ ವಿಷಯ ಓದಿ ಮನಸ್ಸು ಕೆಟ್ಟಿತು. ಆ ಪ್ರಸಂಗ ತಪ್ಪು, ನಂಗೆ ಅದರಲ್ಲಿ ಅನುಮಾನ ಇಲ್ಲ. ಸಭೆ ಬದಲಾಗಲ್ಲ ಅಂತ ಮಾತ್ರ ಅನ್ಕೋಬೇಡಿ. ಹೆಂಗಸರು ಪುಲ್ಪಿಟ್ಟು ಹತ್ತೋದೇ ಅಸಾಧ್ಯ ಅಂತಿದ್ದ ಸಿ.ಎಸ್.ಐ.ಯಲ್ಲಿ 1976ರಲ್ಲಿ ಮೊದಲ ಮಹಿಳೆಗೆ ಪಾದ್ರಿಯಾಗಿ ಅಭಿಷೇಕ ಆಯ್ತು, 2013ರಲ್ಲಿ ನಂದ್ಯಾಲಕ್ಕೆ ಪುಷ್ಪ ಲಲಿತ ಅವರು ಬಿಷಪ್ ಆದ್ರು. ಇದಾಗಿದ್ದು ಒಳಗೇ ಇದ್ದು ಕಮಿಟಿ ಕಮಿಟೀಲಿ ಬೇಸರ ಬರೋ ಅಷ್ಟು ವಾದ ಮಾಡಿದವರಿಂದ. ಆದ್ರೆ ಒಳಗಿದ್ದು ಹೋರಾಡು ಅಂತ ನಿಮ್ಮ ಗೆಳೆಯನಿಗೆ ನಾನು ಹೇಳಲ್ಲ, ಪೆಟ್ಟು ತಿಂತಿರೋರಿಗೆ ಅದನ್ನ ಹೇಳೋ ಹಕ್ಕು ಯಾರಿಗೂ ಇಲ್ಲ. ಅವರಿಗೆ ಆ ಸಭೇಲಿ ಉಸಿರು ಕಟ್ಟಿದ್ರೆ ಹೊರಗೆ ಬರ್ಲಿ, ಅದು ದೇವರನ್ನ ಬಿಟ್ಟ ಹಾಗಲ್ಲ. ಒಳಗೆ ಕೂತು ಮಾತಾಡೋ ಕೆಲಸ ನಿಮ್ಮದು, ನನ್ನದು, ನಮಗೆ ಅಲ್ಲಿ ಬೆಂಚಿದೆ. ಪ್ರಸಂಗ ಮಾಡಿದ ಸಭಾಪಾಲಕರನ್ನ ಒಂದು ಸಂಜೆ ನೋಡೋಕೆ ಹೋಗಿ, ಜಗಳಕ್ಕಲ್ಲ, ಆ ಬೆಂಚಲ್ಲಿ ಕೂತಿದ್ದ ಒಬ್ಬ ಮನುಷ್ಯನಿಗೆ ಏನಾಯ್ತು ಅಂತ ಹೇಳೋಕೆ. ಗೆಳೆಯನ ಹೆಸರು ಹೇಳ್ಬೇಡಿ. ಬೇಕಿದ್ರೆ ನಾನೂ ಜೊತೆಗೆ ಬರ್ತೀನಿ. ಹಾಗೇ ನಿಮ್ಮ ಮನೇಲೋ ಗೆಳೆಯನ ಮನೇಲೋ ತಿಂಗಳಿಗೊಂದು ಸಲ ಐದಾರು ಜನ ಕೂತು ಸುವಾರ್ತೆಯ ಒಂದು ಭಾಗ ಓದಿ, ಮನಸ್ಸಿಗೆ ಬಂದ ಪ್ರಶ್ನೆ ಎಲ್ಲಾ ಕೇಳಿ, ಒಟ್ಟಿಗೆ ಊಟ ಮಾಡಿ, ಯಾರಿಗಾದ್ರೂ ಕಾಯಿಲೆ ಕಷ್ಟ ಅಂದ್ರೆ ಹೋಗಿ ನೋಡೋ ಜವಾಬ್ದಾರಿನೂ ಸೇರಿಸ್ಕೊಳ್ಳಿ. ಈ ಕೊನೇದು ಇಲ್ಲದಿದ್ರೆ ಅದು ಬರೀ ಚರ್ಚಾಕೂಟ ಆಗ್ಬಿಡತ್ತೆ.

ಮಗು ವಿಷಯ ಕೊನೆಗೆ ಇಟ್ಕೊಂಡೆ. ಕಳಿಸಿ. ಆದ್ರೆ ಗೇಟ್ ಹತ್ರ ಬಿಟ್ಟು ಹೋಗಬೇಡಿ, ಟೀಚರ್ ಹತ್ರ ಕೇಳಿ ನೀವೇ ತಿಂಗಳಲ್ಲಿ ಒಂದು ಭಾನುವಾರ ಕ್ಲಾಸ್ ತಗೊಳ್ಳಿ, ಸಂಡೇ ಸ್ಕೂಲಿಗೆ ಟೀಚರ್ ಸಿಗೋದೇ ಕಷ್ಟ, ಬೇಡ ಅನ್ನಲ್ಲ. ನರಕದ ಹೆದರಿಕೆ ಹಾಕ್ತಿದ್ರೆ ಮಾತ್ರ ಆ ಕ್ಲಾಸಿಂದ ಬಿಡಿಸಿ, ಯಾರ ಮುಲಾಜೂ ನೋಡಬೇಡಿ. ನಾಲ್ಕು ವರ್ಷದ ಕೂಸಿಗೆ ಕಾಣೆಯಾದ ಕುರಿ, ಐದು ರೊಟ್ಟಿ ಎರಡು ಮೀನು, ಮರ ಹತ್ತಿದ ಜಕ್ಕಾಯ ಸಾಕು. ಇದು ನಿಜವಾಗ್ಲೂ ನಡೀತಾ ಅಮ್ಮ ಅಂತ ಅವನು ಒಂದು ದಿನ ಕೇಳೇ ಕೇಳ್ತಾನೆ, ಆಗ ನಿಮಗೆ ಗೊತ್ತಿರೋದನ್ನ ಗೊತ್ತಿದೆ ಅನ್ನಿ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಿ, ಹಾಗೇ ಅಜ್ಜಿ ಹತ್ರಾನೂ ಕೇಳು ಅಂತ ಕಳಿಸಿ. ಅಜ್ಜಿ ಬೇರೆ ಉತ್ತರ ಕೊಡ್ತಾರೆ, ಕೊಡ್ಲಿ. ಚರ್ಚಿನ ಸುಗ್ಗಿ ಹಬ್ಬಕ್ಕೆ ಹಾಸನಕ್ಕೆ ಬಂದಾಗ ಅವನ ಕೈಲಿ ಒಂದು ಸೇರು ಅಕ್ಕಿನೋ ಒಂದು ಕುಂಬಳಕಾಯಿನೋ ಕೊಟ್ಟು, ಮುಂದೆ ಹೋಗಿ ಇಟ್ಟು ಬಾ ಅಂತ ಕಳಿಸಿ, ಹರಾಜಲ್ಲಿ ಅದನ್ನ ಯಾರು ಕೂಗ್ತಾರೆ ಅಂತ ಅವನಿಗೆ ತೋರಿಸಿ, ಬಂದ ದುಡ್ಡು ಎಲ್ಲಿಗೆ ಹೋಗತ್ತೆ ಅಂತ ಕಮಿಟಿಯವರನ್ನ ನೀವು ಕೇಳಿ.